ಐದು ಸಾಲಿನ ಜಾಗ

ಹೋದ ವಾರ ಭದ್ರಾವತಿಗೆ ಹೋಗಿ ಬಂದೆ. ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹಿರಿಯರು ತೀರಿಕೊಂಡ ಸುದ್ದಿ ಬಿದ್ದಿದ್ದನ್ನು ನಾನು ನೋಡಿದ್ದೇ ಎರಡು ದಿನ ತಡವಾಗಿ. ಅಷ್ಟರಲ್ಲಿ ಮಣ್ಣಾಗಿತ್ತು. ಮನೆಗೆ ಹೋಗಿ ಅವರ ಹೆಂಡತಿಯ ಪಕ್ಕ ಚಾಪೆಯ ಮೇಲೆ ಒಂದು ಗಂಟೆ ಕೂತೆ. ವಾಪಸ್ ಬಸ್ಸಿನಲ್ಲಿ ಬಂದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಶಿವಮೊಗ್ಗ ಬರುವವರೆಗೂ ಮೊಬೈಲ್ ಬ್ಯಾಗಿನಿಂದ ತೆಗೆಯದೆ ಹೊರಗೆ ನೋಡಿಕೊಂಡೇ ಬಂದೆ. ಅವರಿಗೆ ನನ್ನ ಕೈಲಾದ ಮರ್ಯಾದೆ ಅಂದರೆ ಅಷ್ಟೇ.

ಹೆಸರು ಬರೆಯುವುದಿಲ್ಲ. ಹದಿನಾರು ವರ್ಷ ದಿನಾ ಬರೆದರೂ ಕೆಳಗೆ ಒಂದು ದಿನವೂ ಹೆಸರು ಹಾಕಿಸಿಕೊಳ್ಳದ ಮನುಷ್ಯ. ನಾವೆಲ್ಲ ಸಾಹೇಬ್ರು ಅನ್ನುತ್ತಿದ್ದೆವು, ನಿಮಗೂ ಅವರು ಸಾಹೇಬ್ರೇ.

ಇಲ್ಲಿ ನನ್ನ ಪೋಸ್ಟ್ ಓದುವವರಲ್ಲಿ ವಾರಕ್ಕೆ ಒಬ್ಬರಾದರೂ ಇನ್‌ಬಾಕ್ಸಿಗೆ ಬಂದು ಕೇಳುತ್ತೀರಿ, "ಮೇಡಂ, ದಿನಾ ಹೆಂಗ್ ಬರೀತೀರಿ? ಮೂಡ್ ಬರಬೇಕಲ್ವಾ?" ನಾನು ಒಂದು ನಗುವಿನ ಗುರುತು ಹಾಕಿ ಜಾರಿಕೊಳ್ಳುತ್ತೇನೆ. ಯಾಕೆಂದರೆ ನಿಜವಾದ ಉತ್ತರ ಉದ್ದ, ಮತ್ತು ಅದರಲ್ಲಿ ನನ್ನ ಮಾನ ಹೋದ ಕಥೆಯೂ ಸೇರಿದೆ. ಇವತ್ತು ಹೇಳಿಬಿಡುತ್ತೇನೆ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಒಂದು ಸಂಜೆ ಪತ್ರಿಕೆಯಲ್ಲಿ ನಾನು ಕಂಪೋಸಿಂಗ್ ಮಾಡುತ್ತಿದ್ದೆ. ಅಂದರೆ ಯಾರಾದರೂ ಕೈಯಲ್ಲಿ ಬರೆದು ತಂದದ್ದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟಕ್ಕೆ ಕೂರಿಸುವ ಕೆಲಸ. ನಾಲ್ಕೇ ಪುಟದ ಪೇಪರ್. ಆ ಪೇಪರೂ ಈಗ ಇಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಪುಟ ಮುಗಿಯಬೇಕು, ಸಂಜೆ ಬಸ್ಸುಗಳು ಹೊರಡುವ ಹೊತ್ತಿಗೆ ಪೇಪರ್ ಬಸ್ ಸ್ಟ್ಯಾಂಡಿನಲ್ಲಿ ಇರಬೇಕು. ಸಂಪಾದಕರು, ಮಾಲೀಕರು, ಜಾಹೀರಾತು ತರುವವರು, ಎಲ್ಲ ಒಬ್ಬರೇ. ಅವರನ್ನು ಎಡಿಟರ್ ಸಾರ್ ಅನ್ನುತ್ತಿದ್ದೆವು.

ಎರಡನೇ ಪುಟದ ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕ. ಅದರ ತಲೆಬರಹ 'ಇವತ್ತು ಕಂಡದ್ದು'. ಒಳಗೆ ಐದು ಸಾಲು. ಪದ್ಯ ಅಲ್ಲ, ನೀತಿ ಇಲ್ಲ, ರಾಜಕೀಯ ಇಲ್ಲ. ಬರೆದವರು ಅವತ್ತು ಬೆಳಿಗ್ಗೆ ಕಣ್ಣಾರೆ ಕಂಡ ಒಂದು ಸಂಗತಿ. ಅಷ್ಟೇ.

ಬರೆಯುತ್ತಿದ್ದವರು ಸಾಹೇಬ್ರು. ಮನೆ ಭದ್ರಾವತಿಯಲ್ಲಿ, ಕೆಲಸ ಶಿವಮೊಗ್ಗದಲ್ಲಿ. ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಮೂವತ್ತು ವರ್ಷ ನಿಂತವರು. ಯಾವ ಮಾಡೆಲ್‌ಗೆ ಯಾವ ಬೇರಿಂಗ್ ಅಂತ ಪುಸ್ತಕ ನೋಡದೆ ನಂಬರ್ ಹೇಳುತ್ತಿದ್ದರು. ತೆಳ್ಳಗೆ, ಎತ್ತರ, ಇಸ್ತ್ರಿ ಮಾಡಿದ ಅಂಗಿ, ಎದೆ ಜೇಬಿನಲ್ಲಿ ಒಂದೇ ಒಂದು ಪೆನ್ನು. ಉಗುರಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಗ್ರೀಸು.

ಬೆಳಿಗ್ಗೆ ಒಂಬತ್ತು ಗಂಟೆಗೆ, ಅಂಗಡಿಗೆ ಹೋಗುವ ದಾರಿಯಲ್ಲಿ, ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದು ನನ್ನ ಟೇಬಲ್ ಮೇಲೆ ಒಂದು ರಟ್ಟಿನ ತುಂಡು ಇಡುತ್ತಿದ್ದರು. ಬೇರಿಂಗ್ ಬರುವ ಡಬ್ಬಿಯ ಮುಚ್ಚಳ. ಹೊರಗಡೆ ಕಂಪನಿಯ ನೀಲಿ ಅಕ್ಷರ, ಒಳಗಡೆ ಬಿಳಿ ಬೆನ್ನಿನ ಮೇಲೆ ಇವರ ದುಂಡು ಕನ್ನಡ. ಅಂಗಡಿಯಲ್ಲಿ ಎಸೆಯುವ ಡಬ್ಬಿಗಳನ್ನು ಸಂಜೆ ಒಂದೇ ಅಳತೆಗೆ ಕತ್ತರಿಸಿಟ್ಟುಕೊಳ್ಳುತ್ತಿದ್ದರು. ಆ ಅಳತೆಗೆ ಐದು ಸಾಲು ಹಿಡಿಯುತ್ತದೆ, ಆರನೆಯದು ಹಿಡಿಯುವುದಿಲ್ಲ.

"ಆರನೇ ಸಾಲು ಬಂದ್ರೆ ಏನ್ ಮಾಡ್ತೀರಿ ಸಾಹೇಬ್ರೆ?" ಅಂತ ಒಮ್ಮೆ ಕೇಳಿದೆ.

"ಮೊದಲ್ನೇ ಸಾಲು ಹೊಡೆದಾಕ್ತೀನಮ್ಮಾ. ನೂರಕ್ಕೆ ತೊಂಬತ್ತು ಸಲ ಮೊದಲ್ನೇದು ಸುಮ್ನೆ ಗಂಟಲು ಸರಿ ಮಾಡ್ಕೊಳ್ಳೋದು."

ನೀವು ನಂಬುತ್ತೀರೋ ಇಲ್ಲವೋ, ಬರವಣಿಗೆಯ ಬಗ್ಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಅವರು ಬರೆಯುತ್ತಿದ್ದ ಜಾಗ ಬಸ್ಸು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗಿನ ಬಸ್ಸಿನಲ್ಲಿ ನಲವತ್ತು ನಿಮಿಷ. ಅದಕ್ಕೊಂದು ಕಟ್ಟಳೆ ಇತ್ತು. ಭದ್ರಾವತಿ ಬಿಟ್ಟು ಅರ್ಧ ದಾರಿಗೆ ಸಿಗುವ ಮಾಚೇನಹಳ್ಳಿಯ ಫ್ಯಾಕ್ಟರಿ ಗೇಟಿನವರೆಗೆ ಬರೀ ನೋಡುವುದು. ಜೇಬಿನ ಪೆನ್ನು ಮುಟ್ಟುವ ಹಾಗಿಲ್ಲ. ಮಾಚೇನಹಳ್ಳಿ ದಾಟಿದ ಮೇಲೆ ಬರೆಯುವುದು. ಶಿವಮೊಗ್ಗದ ತುಂಗಾ ಸೇತುವೆ ಬರುವುದರೊಳಗೆ ಮುಗಿಸುವುದು. ಸೇತುವೆಯ ಮೇಲೆ ಪೆನ್ನು ಮತ್ತೆ ಜೇಬಿಗೆ. ಬರೆದದ್ದು ಚೆನ್ನಾಗಿರಲಿ, ಸಾಧಾರಣ ಇರಲಿ, ಹೊಳೆ ದಾಟಿದ ಮೇಲೆ ಒಂದು ಅಕ್ಷರವೂ ತಿದ್ದುತ್ತಿರಲಿಲ್ಲ.

"ಮಾಚೇನಹಳ್ಳಿವರೆಗೆ ಏನೂ ಕಾಣ್ಲಿಲ್ಲ ಅಂದ್ರೆ?"

"ನೀನು ಕಣ್ಣು ಮುಚ್ಕೊಂಡಿದ್ದೆ ಅಂತ ಅರ್ಥ," ಅಂದರು.

ಮಳೆಗಾಲದಲ್ಲಿ ಬಸ್ಸಿನ ಟಾರ್ಪಾಲು ಇಳಿಸಿ ಕಿಟಕಿ ಮುಚ್ಚಿದರೆ ಬಸ್ಸಿನ ಒಳಗೇ ನೋಡುತ್ತಿದ್ದರು. ನಿಂತು ಬರಬೇಕಾದ ದಿನ ನಿಂತೇ ಬರೆಯುತ್ತಿದ್ದರು, ರಟ್ಟು ಆದ್ದರಿಂದ ಕೆಳಗೆ ಪುಸ್ತಕ ಬೇಕಿರಲಿಲ್ಲ. ಆ ದಿನದ ಅಕ್ಷರ ನೋಡಿದರೆ ರಸ್ತೆಯಲ್ಲಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಹೇಳಬಹುದಿತ್ತು. ರಂಜಾನ್ ತಿಂಗಳಲ್ಲಿ ತುಟಿ ಒಣಗಿಸಿಕೊಂಡು ಬಂದರೂ ಒಂಬತ್ತಕ್ಕೆ ರಟ್ಟು ಟೇಬಲ್ ಮೇಲೆ. ಭಾನುವಾರ ಅಂಗಡಿಗೂ ರಜೆ, ಪೇಪರಿಗೂ ರಜೆ. ಅವತ್ತೂ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬೀದಿ ನೋಡಿ ಐದು ಸಾಲು ಬರೆದು ಹರಿದು ಹಾಕುತ್ತಿದ್ದರಂತೆ.

"ಹರಿಯೋದಾದ್ರೆ ಬರಿಯೋದ್ಯಾಕೆ?" ಅಂದೆ.

"ಅಮ್ಮಾ, ಬೇರಿಂಗಿಗೆ ಗ್ರೀಸು ಯಾವಾಗ ಹಾಕ್ಬೇಕು? ದಿನಾ. ಶಬ್ದ ಬಂದ ಮೇಲೆ ಹಾಕ್ತೀನಿ ಅಂತ ಕೂತ್ರೆ ಬೇರಿಂಗು ಆಗ್ಲೇ ಹೋಗಿರುತ್ತೆ. ಆಮೇಲೆ ನಮ್ಮಂಗಡಿಗೇ ಬರ್ಬೇಕು."

ಎಂಥದು ಬರೆಯುತ್ತಿದ್ದರು ಅಂತ ಒಂದು ತೋರಿಸುತ್ತೇನೆ. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಪದ ಆಚೀಚೆ ಆಗಿರಬಹುದು. 'ಫ್ಯಾಕ್ಟರಿ ಗೇಟಿನ ಮುಂದೆ ಒಬ್ಬ ಸೈಕಲ್ಲಿನಿಂದ ಇಳಿದ. ಒಳಗಿನಿಂದ ಬಂದವನು ಅದೇ ಸೈಕಲ್ ಹತ್ತಿದ. ಇಬ್ಬರ ಮೂಗೂ ಒಂದೇ ಥರ, ಅಣ್ಣತಮ್ಮ ಇರಬೇಕು. ಮಾತಾಡಲಿಲ್ಲ. ಸೀಟು ಇನ್ನೂ ಬೆಚ್ಚಗಿದ್ದಿರಬೇಕು.'

ಅಷ್ಟೇ. ಸಂಜೆಯ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವವರು ಪೇಪರ್ ಬಿಡಿಸಿದರೆ ಮೊದಲು ಎರಡನೇ ಪುಟದ ಮೂಲೆಗೇ ಹೋಗುತ್ತಿದ್ದರು. ಸಾಹೇಬ್ರೂ ಅದೇ ಬಸ್ಸಿನಲ್ಲಿ. ಯಾರಾದರೂ ಓದುತ್ತಿದ್ದರೆ ಇವರು ಹಿಂದೆ ನಿಂತು ಓದುವವರ ಕುತ್ತಿಗೆ ನೋಡುತ್ತಿದ್ದರು. ನಕ್ಕರೆ ಕುತ್ತಿಗೆ ಅಲ್ಲಾಡುತ್ತದಂತೆ. "ಎದುರಿಗೆ ನಿಂತು ಮುಖ ನೋಡಿದ್ರೆ ನಾಚಿಕೆ ಆಗುತ್ತಮ್ಮಾ" ಅಂದಿದ್ದರು. ಇನ್ನೊಂದು ದಿನ, ಎಡಿಟರ್ ಸಾರ್ ಇಲ್ಲದಾಗ, ತಾವಾಗಿಯೇ ಹೇಳಿದರು: "ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಬಾಯಿಂದ ಬರೋದು ಪಾರ್ಟ್ ನಂಬರು. ದಿನಕ್ಕೆ ಐದು ಸಾಲು ಮಾತ್ರ ನಂದು. ಅದು ಹೋದ್ರೆ ನಾನೂ ಒಂದು ಸ್ಪೇರ್ ಪಾರ್ಟೇ."

ದೇವರಂಥ ಮನುಷ್ಯ ಅಂತ ನಾನು ಹೇಳುವುದಿಲ್ಲ. ಹಟಮಾರಿ. ಹೊಗಳಿಕೆಯಲ್ಲಿ ಜಿಪುಣ. ಒಬ್ಬ ಕಾಲೇಜು ಮೇಷ್ಟ್ರು ಬಂದು, "ಇದನ್ನೆಲ್ಲ ಸೇರಿಸಿ ಪುಸ್ತಕ ಮಾಡೋಣ ಸಾಹೇಬ್ರೆ, ಬಿಡುಗಡೆ ಸಮಾರಂಭ ಇಟ್ಕೊಳೋಣ" ಅಂತ ಪಾಪ ಆಸೆಯಿಂದ ಕೇಳಿದರೆ, "ನಿನ್ನೆ ಟಿಕೆಟ್ ತೋರ್ಸಿ ಇವತ್ತು ಬಸ್ ಹತ್ತೋಕೆ ಬಿಡ್ತಾರಾ ಸಾರ್?" ಅಂದು ಎದ್ದುಹೋದರು. ಮೇಷ್ಟ್ರ ಮುಖ ಬಾಡಿತು. ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಆ ಪುಸ್ತಕ ಆಗಬೇಕಿತ್ತು. ಆಗಲಿಲ್ಲ.

ಇನ್ನು ನನ್ನ ಕಥೆ.

ಸಾಹೇಬ್ರಿಗೆ ಎರಡೂ ಕಣ್ಣಿಗೆ ಪೊರೆ ಬಂತು. ಒಂದಾದ ಮೇಲೆ ಒಂದು ಆಪರೇಷನ್. ಒಟ್ಟು ನಾಲ್ಕು ವಾರ ಬಸ್ಸಿಲ್ಲ, ಧೂಳಿಲ್ಲ, ಓದು ಬರಹ ಇಲ್ಲ ಅಂದರು ಡಾಕ್ಟರು. ಏಪ್ರಿಲ್ ಕೊನೆ. ಎಡಿಟರ್ ಸಾರ್ ಸುಲಭದ ದಾರಿ ಹೇಳಿದರು, "ನಾಲ್ಕು ವಾರ ಆ ಜಾಗ ಬಿಟ್ಬಿಡೋಣ ಸಾಹೇಬ್ರೆ. ಬೋರ್‌ವೆಲ್‌ನವನು ಜಾಹೀರಾತಿಗೆ ಅದೇ ಮೂಲೆ ಬೇಕು ಅಂತ ಪ್ರಾಣ ತಿಂತಿದಾನೆ. ನೀವು ಬಂದ ಮೇಲೆ ನೋಡೋಣ."

ಸಾಹೇಬ್ರು ಸೀದಾ ನನ್ನ ಟೇಬಲ್ ಹತ್ತಿರ ಬಂದರು.

"ಅಮ್ಮಾ, ನೀನು ಬರಿ."

"ನಾನಾ? ನೀವೇ ಮುಂಚೆ ಇಪ್ಪತ್ನಾಲ್ಕು ಬರೆದಿಟ್ಟು ಹೋಗಿ ಸಾಹೇಬ್ರೆ, ದಿನಕ್ಕೊಂದು ಹಾಕ್ತೀನಿ."

"ನಾಳೆ ಕಾಣೋದನ್ನ ಇವತ್ತು ಹೆಂಗ್ ನೋಡ್ಲಿ?" ಅಂದರು. "ಒಂದಿನ ಖಾಲಿ ಬಿಟ್ರೆ ಅಲ್ಲಿ ಬೇರೆಯವರು ಬಂದು ಕೂರ್ತಾರೆ. ಕೂತವರನ್ನ ಎಬ್ಬಿಸೋದು ನನ್ನ ಕೈಲಾಗಲ್ಲ. ನಾಲ್ಕು ವಾರ ಕಾಯ್ಕೊಡು, ಸಾಕು."

ಒಳಗೊಳಗೆ ನನಗೆ ಲಡ್ಡು ಬಾಯಿಗೆ ಬಿದ್ದ ಹಾಗಾಗಿತ್ತು. ಕಾಲೇಜಿನಲ್ಲಿ ಕಥೆ ಬರೆದು ಬಹುಮಾನ ತಗೊಂಡವಳು ನಾನು. ಬೇರೆಯವರ ಬರಹ ಟೈಪ್ ಮಾಡಿ ಮಾಡಿ ಬೆರಳು ಸವೆದಿತ್ತು. ಒಬ್ಬ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಬರೆಯುವುದನ್ನು ನಾನು ಬರೆಯಲಾರೆನಾ ಅಂತ ಅಂದುಕೊಂಡಿದ್ದೆ. ಹೌದು, ಹಾಗೇ ಅಂದುಕೊಂಡಿದ್ದೆ. ಮುಚ್ಚಿಡುವುದೇನು.

ಅವರು ನನಗೂ ಕಟ್ಟಳೆ ಹಾಕಿಕೊಟ್ಟರು. ನಮ್ಮ ಮನೆ ಶಿವಮೊಗ್ಗದೊಳಗೇ, ಗೋಪಾಳದಲ್ಲಿ, ದಿನಾ ಸ್ಕೂಟಿಯಲ್ಲಿ ಆಫೀಸಿಗೆ ಬರುತ್ತಿದ್ದೆ. "ದಾರಿಯಲ್ಲಿ ನೋಡು. ಆಫೀಸಿಗೆ ಬಂದು ಬೇರೆಯವರ ಹತ್ರ ಒಂದು ಮಾತಾಡೋಕೆ ಮುಂಚೆ ಬರಿ. ಹತ್ತು ನಿಮಿಷ. ಆಮೇಲೆ ಮುಟ್ಬೇಡ." ಹೋಗುವಾಗ ಕತ್ತರಿಸಿದ ರಟ್ಟುಗಳ ಒಂದು ಕಟ್ಟು ಇಟ್ಟುಹೋದರು. ಸರಿಯಾಗಿ ಇಪ್ಪತ್ನಾಲ್ಕು.

ಮೊದಲ ನಾಲ್ಕೈದು ದಿನ ಹೇಳಿದ ಹಾಗೇ ಮಾಡಿದೆ, ಚೆನ್ನಾಗಿಯೇ ಬಂತು. ಸಿಗ್ನಲ್ಲಿನಲ್ಲಿ ಮಗುವಿಗೆ ಹೋಮ್‌ವರ್ಕ್ ಹೇಳಿಕೊಡುತ್ತಿದ್ದ ಆಟೋ ಡ್ರೈವರ್ ಬಗ್ಗೆ ಬರೆದದ್ದನ್ನು ಎಡಿಟರ್ ಸಾರ್ ಎರಡು ಸಲ ಓದಿದರು. ಅಲ್ಲಿಗೆ ನನ್ನ ತಲೆ ತಿರುಗಿತು. ದಿನಾ ಹತ್ತು ನಿಮಿಷದಲ್ಲಿ ಗೀಚುವುದು ನನ್ನ ಮಟ್ಟಕ್ಕೆ ಕಡಿಮೆ ಅನ್ನಿಸಿತು. ಒಂದು ಭಾನುವಾರ ಮೂಡು ಬಂತು ನೋಡಿ, ಮನೆಯಲ್ಲಿ ಕೂತು ಒಂದೇ ಉಸಿರಿಗೆ ನಾಲ್ಕು ಬರೆದೆ. ಉಪಮೆ, ಅಲಂಕಾರ, ಕಣ್ಣೀರು, ಎಲ್ಲ ಇತ್ತು. ನಾಲ್ಕು ದಿನಕ್ಕೆ ಆಯಿತಲ್ಲ ಅಂತ ಹಾಯಾಗಿದ್ದೆ. ಆ ನಾಲ್ಕು ದಿನವೂ ಸ್ಕೂಟಿಯಲ್ಲಿ ಬರುವಾಗ ನಾನು ರಸ್ತೆ ಬಿಟ್ಟರೆ ಏನನ್ನೂ ನೋಡಲಿಲ್ಲ.

ಎರಡನೆಯದಕ್ಕೇ ಎಡಿಟರ್ ಸಾರ್ ಕನ್ನಡಕ ಮೇಲೆತ್ತಿದರು. "ಏನೇ ಮಾರಾಯ್ತಿ, 'ತುಂಗೆ ಮಂಜಿನ ಸೆರಗು ಹೊದ್ದು ಮಲಗಿದ್ದಳು' ಅಂತ ಹಾಕಿದೀಯ. ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಯಾವ ಮಂಜು? ನನಗೆ ಬನಿಯನ್ ಹಾಕ್ಕೊಳೋಕೆ ಆಗ್ತಿಲ್ಲ."

"ಅದು ಸಾಹಿತ್ಯ ಸಾರ್."

"ಓಹೋ. ಸರಿ ಬಿಡು, ಸಾಹಿತ್ಯಕ್ಕೆ ಸೆಕೆ ಆಗಲ್ಲ."

ಐದನೇ ದಿನ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ರಟ್ಟು ಮುಂದಿಟ್ಟುಕೊಂಡು ಕೂತೆ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ಬರೆದೆ, ಹೊಡೆದು ಹಾಕಿದೆ, ಇನ್ನೊಂದು ರಟ್ಟು ತಗೊಂಡೆ. ದಾರಿಯಲ್ಲಿ ಏನಾದರೂ ಕಂಡಿತ್ತಾ ಅಂತ ನೆನಪು ಮಾಡಿಕೊಂಡರೆ ತಲೆಯೊಳಗೆ ಬರೀ ಟಾರು. ಹನ್ನೆರಡು ಕಾಲಾಯಿತು. ಒಳಗಿನಿಂದ ಎಡಿಟರ್ ಸಾರ್ ಕೂಗಿದರು, "ಎರಡನೇ ಪುಟ ಆಯ್ತಾ?"

ಆಗ ನಾನು ಮಾಡಿದ್ದು ಇದು. ಸಾಹೇಬ್ರ ಹಳೆಯ ಬರಹಗಳೆಲ್ಲ ನನ್ನ ಕಂಪ್ಯೂಟರಿನಲ್ಲೇ ಇದ್ದವಲ್ಲ. ಮೂರು ವರ್ಷದ ಹಿಂದಿನ ಮೇ ತಿಂಗಳ ಫೈಲು ತೆಗೆದೆ. ಬಸ್ಸಿನ ದಾರಿಯಲ್ಲಿ ಸಿಗುವ ನಿದಿಗೆ ಹತ್ತಿರ ಒಂದು ಮೇ ಫ್ಲವರ್ ಮರ ಕೆಂಪಗೆ ಹೂ ಬಿಟ್ಟದ್ದು, ಅದರ ಕೆಳಗೆ ನಿಂತ ಬಿಳಿ ಎತ್ತಿನ ಬೆನ್ನ ಮೇಲೆ ಹೂ ಉದುರಿದ್ದು. ತಿಂಗಳೂ ಸರಿ, ಋತುವೂ ಸರಿ. ಯಾರಿಗೆ ಗೊತ್ತಾಗುತ್ತದೆ? ಚೌಕಕ್ಕೆ ಕೂರಿಸಿದೆ. ಪುಟ ಹೋಯಿತು.

ಸಂಜೆ ಐದೂವರೆಗೆ ಆಫೀಸಿನ ಫೋನು ಶುರುವಾಯಿತು.

ಮೊದಲನೆಯದು ಭದ್ರಾವತಿ ಬಸ್ಸಿನ ಕಂಡಕ್ಟರ್. "ಅಕ್ಕಾ, ನಿದಿಗೆ ಮರ ಎಲ್ಲಿದೆ? ರಸ್ತೆ ಅಗಲ ಮಾಡ್ತೀವಿ ಅಂತ ಹೋದ ವರ್ಷನೇ ಕಡಿದ್ರಲ್ಲ. ಬುಡಾನೂ ಕಿತ್ತಾಕಿದಾರೆ." ಎರಡನೆಯದು ಹೊಳೆಹೊನ್ನೂರಿನಿಂದ ಒಬ್ಬ ತೋಟದವರು. "ಕಡಿದ ಮರದಲ್ಲಿ ಹೂ ಬಿಡ್ಸಿದೀರಲ್ಲ, ಯಾವ ಗೊಬ್ಬರ ಹಾಕಿದ್ರಿ ಮೇಡಂ? ನಮ್ಮ ಅಡಿಕೆಗೂ ಒಂದು ಚೀಲ ಕಳ್ಸಿ." ಆಮೇಲೆ ಎಣಿಸಲಿಲ್ಲ. ದಿನಾ ಆ ದಾರಿಯಲ್ಲಿ ಓಡಾಡುವ ಜನ, ಆ ಮರ ಗೊತ್ತಿಲ್ಲದವರು ಯಾರು? ಪಟ್ಟಣದಲ್ಲಿ ಸ್ಕೂಟಿ ಓಡಿಸುವ ನನ್ನೊಬ್ಬಳಿಗೆ ಗೊತ್ತಿರಲಿಲ್ಲ.

ಮರುದಿನ ಎಡಿಟರ್ ಸಾರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಸುದ್ದಿ ತಪ್ಪು ಹಾಕಿ ಎಷ್ಟೋ ಸಲ ಬೈಸ್ಕೊಂಡಿದೀನಿ ಕಣೇ. ಆ ಐದು ಸಾಲಿಗೆ ಮಾತ್ರ ಯಾರೂ, ಯಾವತ್ತೂ ಬೈದಿರ್ಲಿಲ್ಲ. ಇನ್ನು ಅದನ್ನ ಹಾಕೋಕೆ ನನಗೆ ಮುಖ ಇಲ್ಲ. ಬೋರ್‌ವೆಲ್‌ನವನಿಗೆ ಬರೋಕೆ ಹೇಳಿದೀನಿ."

ಅವತ್ತು ಎರಡನೇ ಪುಟದ ಮೂಲೆಯಲ್ಲಿ ಬೋರ್‌ವೆಲ್ ಲಾರಿಯ ಚಿತ್ರ ಬಂತು. ಆ ಚೌಕವನ್ನು ಕೂರಿಸಿದ್ದೂ ನಾನೇ.

ಮುಂದಿನ ಶನಿವಾರ ಮಧ್ಯಾಹ್ನ ರಜೆ ಹಾಕಿ ಭದ್ರಾವತಿಗೆ ಹೋದೆ. ಫೋನಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಸಾಹೇಬ್ರು ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಅವರ ಮನೆಯವರು ಚಹಾ ತಂದಿಟ್ಟು ನನ್ನ ಪಕ್ಕವೇ ಕೂತರು. ದಿನಾ ಸಂಜೆ ಪೇಪರ್ ಓದಿ ಹೇಳುತ್ತಿದ್ದವರು ಅವರೇ.

"ಮರದ್ದು ಓದ್ದೆ ಬೇಟಿ," ಅಂದರು ಅವರು. "ಎರಡು ಸಾಲು ಓದೋದ್ರೊಳಗೆ ಸಾಕು ನಿಲ್ಸು ಅಂದ್ರು. ಅವತ್ತು ಊಟ ಮಾಡ್ಲಿಲ್ಲ."

"ನೀನು ಸುಮ್ನಿರು," ಅಂದರು ಸಾಹೇಬ್ರು.

ನಾನು ಎಲ್ಲ ಹೇಳಿದೆ. ನಾಲ್ಕು ಒಟ್ಟಿಗೆ ಬರೆದದ್ದು, ಆಮೇಲೆ ಬತ್ತಿದ್ದು, ಹಳೆಯ ಫೈಲು ತೆಗೆದದ್ದು, ಬೋರ್‌ವೆಲ್ ಲಾರಿ. "ನಿಮ್ಮ ಜಾಗ ಹೋಯ್ತು ಸಾಹೇಬ್ರೆ, ನನ್ನಿಂದ" ಅಂದೆ. "ಆ ಮರ ಕಡಿದಿದ್ದು ನನಗೆ ಗೊತ್ತೇ ಇರ್ಲಿಲ್ಲ. ಆ ಕಡೆ ಬರೋದೇ ಇಲ್ಲ ನಾನು."

ಅವರು ಗೋಡೆಗೆ ಒರಗಿದ ಹಾಗೇ ನಿಧಾನವಾಗಿ ಹೇಳಿದರು. 'ನಿದಿಗೆ ಮರದ ಕೆಳಗೆ ನಾಲ್ಕು ಜನ ತಿಂಡಿ ಡಬ್ಬಿ ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಗರಗಸ, ಹಗ್ಗ. ಒಬ್ಬ ತಲೆ ಎತ್ತಿ ಕೊಂಬೆ ನೋಡಿದ. ಬಿಸಿಲು ಜೋರಿತ್ತು, ನೆರಳು ಚೆನ್ನಾಗಿತ್ತು. ಬಸ್ಸು ಮುಂದೆ ಬಂತು.'

"ಮರ ಕಡಿದ ದಿನ ನಾನು ಬರೆದಿದ್ದು ಇದು," ಅಂದರು. "ಕಂಪೋಸ್ ಮಾಡಿದ್ದು ನೀನೇ ಅಮ್ಮಾ."

ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಎಷ್ಟು ಯೋಚಿಸಿದರೂ ಆ ಐದು ಸಾಲು ಟೈಪ್ ಮಾಡಿದ ನೆನಪು ನನಗೆ ಬರಲಿಲ್ಲ. ನನ್ನ ಬೆರಳು ಮಾಡಿತ್ತು, ನಾನು ಅಲ್ಲಿರಲಿಲ್ಲ. ಐದಾರು ವರ್ಷ ದಿನಾ ಒಂಬತ್ತು ಗಂಟೆಗೆ ಒಬ್ಬ ಮನುಷ್ಯ ತಾನು ಕಂಡದ್ದನ್ನು ತಂದು ನನ್ನ ಟೇಬಲ್ ಮೇಲೆ ಇಟ್ಟಿದ್ದರು. ಒಂದು ದಿನವೂ ನಾನು ಓದಿರಲಿಲ್ಲ, ಬರೀ ಟೈಪ್ ಮಾಡಿದ್ದೆ.

ಬೈಯುತ್ತಾರೆ ಅಂತ ಕಾದೆ. "ಚಾ ಆರೋಗುತ್ತೆ, ಕುಡಿ" ಅಂದರು. ಬಾಗಿಲವರೆಗೆ ಬಂದು, "ಸೋಮವಾರದಿಂದ ಮತ್ತೆ ದಿನಾ ಬರಿ. ಹಾಕೋಕಲ್ಲ, ನಿನಗೇ" ಅಂದರು.

ನಾಲ್ಕು ವಾರ ಆಯಿತು. ಜೂನ್ ಮೊದಲ ಸೋಮವಾರ ಒಂಬತ್ತು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಶಬ್ದ. ಹೊಸ ಕನ್ನಡಕ. ಬಂದು ನನ್ನ ಟೇಬಲ್ ಮೇಲೆ ರಟ್ಟು ಇಟ್ಟರು.

ಎಡಿಟರ್ ಸಾರ್ ಒಳಗಿನಿಂದ ಓಡಿ ಬಂದರು. ಅವರಿಗೂ ಕಷ್ಟ ಆಗಿತ್ತು. "ಸಾಹೇಬ್ರೆ, ಆ ಜಾಗ ಈಗ ಇಲ್ಲ. ಇವಳು ಹೇಳಿಲ್ವಾ?"

"ಹೇಳಿದಾಳೆ ಸಾರ್. ಜಾಗ ನಿಮ್ದು. ಕೊಡೋದು, ಬಿಡೋದು ನಿಮಗೆ ಸೇರಿದ್ದು. ಬರಿಯೋದು ನನಗೆ ಸೇರಿದ್ದು, ಅದನ್ನ ನಾನು ಮಾಡಿದೀನಿ." ನನ್ನ ಕಡೆ ತಿರುಗಿ, "ಕಂಪೋಸ್ ಮಾಡಿಡಮ್ಮಾ" ಅಂದು ಅಂಗಡಿಗೆ ಹೋದರು.

ಮರುದಿನವೂ ಬಂದರು. ಅದರ ಮರುದಿನವೂ. ಒಂದು ವಾರ ಬಂದು ನಿಲ್ಲಿಸುತ್ತಾರೆ ಅಂದುಕೊಂಡೆವು. ಮಳೆಗಾಲ ಮುಗಿಯಿತು, ದಸರಾ ಮುಗಿಯಿತು, ಚಳಿ ಬಂತು. ದಿನಾ ಒಂಬತ್ತಕ್ಕೆ ರಟ್ಟು. ದಿನಾ ಎರಡನೇ ಪುಟದ ಮೂಲೆಯಲ್ಲಿ ಬೋರ್‌ವೆಲ್ ಲಾರಿ.

ಬಸ್ಸಿನಲ್ಲಿ ಜನ ಚುಚ್ಚುತ್ತಿದ್ದರಂತೆ. ಬರೆಯುವುದನ್ನು ನೋಡಿ ಒಬ್ಬರು, "ಏನ್ ಸಾಹೇಬ್ರೆ, ನೀರು ಬಂತಾ?" ಅಂತ ಬೋರ್‌ವೆಲ್ ನೆನಪಿಸುತ್ತಿದ್ದರಂತೆ. "ಇನ್ನೂ ಕೊರೀತಾ ಇದೀನಪ್ಪ" ಅನ್ನುತ್ತಿದ್ದರಂತೆ ಇವರು. ಅದನ್ನು ನನಗೆ ನಗುತ್ತಲೇ ಹೇಳಿದರು. ಆದರೆ ಸಂಜೆ ಬಸ್ಸಿನಲ್ಲಿ ಈಗ ಹಿಂದೆ ನಿಲ್ಲುವುದನ್ನು ಬಿಟ್ಟಿದ್ದರು. ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕಣ್ಣು ಮುಚ್ಚಿಕೊಂಡು ಕೂರುತ್ತಾರೆ ಅಂತ ಕಂಡಕ್ಟರ್ ಹೇಳಿದ.

ನಾನು ಎರಡು ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಬಂದ ತಕ್ಷಣ, ಬಾಯಿ ಬಿಡುವ ಮುಂಚೆ, ನನ್ನ ಐದು ಸಾಲು. ಬಹಳ ದಿನ ಕೆಟ್ಟದಾಗಿ ಬಂತು, ಆದರೂ ಬರೆದೆ. ಆಮೇಲೆ ಅವರ ರಟ್ಟು ಬಂದರೆ ಮೊದಲು ಓದುವುದು, ಎರಡನೇ ಸಲ ಓದುವುದು, ಆಮೇಲೆ ಟೈಪ್ ಮಾಡುವುದು. ಚೌಕದ ಅಳತೆಗೇ ಕೂರಿಸಿ, ತಲೆಬರಹ ಹಾಕಿ, ತಿದ್ದಿ ಇಡುತ್ತಿದ್ದೆ. ಅಚ್ಚಾಗುವುದಿಲ್ಲ ಅಂತ ಗೊತ್ತಿದ್ದೂ. ಎಡಿಟರ್ ಸಾರ್ ಒಮ್ಮೆ ಹಿಂದೆ ನಿಂತು ನೋಡಿ, "ಇಬ್ಬರಿಗೂ ತಲೆ ಕೆಟ್ಟಿದೆ" ಅಂದು ಹೋದರು.

ಫೆಬ್ರವರಿಯ ಒಂದು ಬುಧವಾರ. ಹನ್ನೆರಡು ಗಂಟೆಗೆ ಫೋನು ಬಂತು. ಎಡಿಟರ್ ಸಾರ್ ಎತ್ತಿದವರು, "ಅಲ್ರೀ, ಇವತ್ತಿಂದಲೇ ಅಂದ್ರೆ ಹೆಂಗೆ? ಪುಟ ಹೋಗೋ ಹೊತ್ತು" ಅಂತ ಎರಡು ಸಲ ಅಂದರು. ಫೋನಿಟ್ಟರು. ಬೋರ್‌ವೆಲ್‌ನವನು ಬೇರೆ ಪೇಪರಿಗೆ ಹೋಗಿದ್ದ. ಎರಡನೇ ಪುಟದ ಮೂಲೆ ಖಾಲಿ.

"ಏನಾದ್ರೂ ತುಂಬ್ಸು ಮಾರಾಯ್ತಿ, ಬೇಗ. ಆರೋಗ್ಯ ಸಲಹೆ ಇತ್ತಲ್ಲ, ಮೆಂತ್ಯದ್ದೋ ಜೀರಿಗೆದೋ. ಅದನ್ನೇ ಹಾಕು."

"ಸಾರ್," ಅಂದೆ, "ಇವತ್ತಿಂದು ರೆಡಿ ಇದೆ."

"ಯಾವುದು ಇವತ್ತಿಂದು?"

ಪರದೆಯನ್ನು ಅವರ ಕಡೆ ತಿರುಗಿಸಿದೆ. ಬೆಳಿಗ್ಗೆ ಒಂಬತ್ತೂಕಾಲಿಗೇ ಚೌಕಕ್ಕೆ ಕೂರಿಸಿಟ್ಟಿದ್ದೆ. 'ಮಾಚೇನಹಳ್ಳಿಯಲ್ಲಿ ಒಬ್ಬ ಹೆಂಗಸು ಹೊರಗಿನಿಂದಲೇ ಕಿಟಕಿಯೊಳಗೆ ಕೈ ತೂರಿಸಿ ಖಾಲಿ ಸೀಟಿನ ಮೇಲೆ ಕೊತ್ತಂಬರಿ ಕಟ್ಟು ಇಟ್ಟಳು. ಹಿಂದಿನ ಬಾಗಿಲಿಂದ ಹತ್ತಿದವಳು ನೂಕುನುಗ್ಗಲಿನಲ್ಲಿ ಮುಂದೆ ಬರಲಾಗದೆ ಅಲ್ಲೇ ಸಿಕ್ಕಿಕೊಂಡಳು. ಬಸ್ಸು ತುಂಬ ಜನ ನಿಂತಿದ್ದರು. ಕೊತ್ತಂಬರಿಯನ್ನು ಯಾರೂ ಎಬ್ಬಿಸಲಿಲ್ಲ. ಅದು ಕೂತುಕೊಂಡೇ ಶಿವಮೊಗ್ಗಕ್ಕೆ ಬಂತು.'

ಎಡಿಟರ್ ಸಾರ್ ಬಗ್ಗಿ ಓದಿದರು. ನಗುತ್ತಾರೆ ಅಂದುಕೊಂಡೆ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಎಷ್ಟು ದಿನದಿಂದ ಹಿಂಗೆ ಮಾಡಿಡ್ತಿದೀಯ?"

"ಜೂನಿಂದ ಸಾರ್. ಒಂದಿನಾನೂ ಬಿಟ್ಟಿಲ್ಲ. ಅವರೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ."

"ಹಾಕು," ಅಂದರು. "ನಾಳೆನೂ ಹಾಕು."

ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದೆ. ಸ್ಕೂಟಿ ಒಂದು ಕಡೆ ನಿಲ್ಲಿಸಿ ಭದ್ರಾವತಿ ಬಸ್ಸಿನ ಹೊರಗೆ ನಿಂತೆ. ಒಳಗೆ ಮೂವರು ಪೇಪರ್ ಬಿಡಿಸಿದ್ದರು. ಸಾಹೇಬ್ರು ಹತ್ತಿದರು. ಡ್ರೈವರ್ ಹಿಂದಿನ ಸೀಟಿನ ಕಡೆ ಹೊರಟವರು ಒಬ್ಬನ ಭುಜದ ಮೇಲಿಂದ ಏನೋ ಕಂಡು ತಟ್ಟನೆ ನಿಂತರು. ಕಂಡಕ್ಟರ್, "ಮುಂದೆ ನಡೀರಿ ಸಾಹೇಬ್ರೆ, ಜನ ಹತ್ಬೇಕು" ಅಂತ ಕೂಗಿದರೂ ಅಲುಗಲಿಲ್ಲ. ಓದುತ್ತಿದ್ದವನ ಕುತ್ತಿಗೆಯನ್ನೇ ನೋಡುತ್ತ ನಿಂತಿದ್ದರು. ನಾನು ಕೂಗಿ ಕರೆಯಲಿಲ್ಲ. ಬಸ್ಸು ಹೊರಟಿತು.

ಮರುದಿನ ಬೆಳಿಗ್ಗೆ ನಾನು ಎಂಟೂವರೆಗೇ ಬಂದು ಕೂತಿದ್ದೆ. ಒಂಬತ್ತಕ್ಕೆ ಮೆಟ್ಟಿಲ ಮೇಲೆ ಚಪ್ಪಲಿ ಶಬ್ದ. ಅವರು ಬಾಗಿಲು ದಾಟುವ ಮುಂಚೆಯೇ ಎದ್ದು ನಿಂತೆ.

"ಸಾಹೇಬ್ರೆ, ನೋಡಿದ್ರಾ? ಬಂತು! ಕೊತ್ತಂಬರಿ ಬಂತು!"

"ನೋಡ್ದೆ ಅಮ್ಮಾ," ಅಂದರು. ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಜೇಬಿಗೆ ಕೈ ಹಾಕಿ ರಟ್ಟು ತೆಗೆದು ನನ್ನ ಟೇಬಲ್ ಮೇಲಿಟ್ಟರು.

"ಅದು ನಿನ್ನೆದು. ತಗೋ, ಇದು ಇವತ್ತಿಂದು."